ವಿಟಮಿನ್ ಸಿ ಎಲ್ಲಿ ಹೋಯ್ತು?

ಹಣ್ಣಿನ ತಿರುಳು ತಯಾರಿಸುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನ್ನ ಕೆಲಸ. ಅದು ಸೀಬೆಹಣ್ಣಿನ ಸೀಸನ್. ಬಿಳಿ ಸೀಬೆಯನ್ನು ಅರೆದು ಸುಮ್ನೆ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗದಿರಲಿ ಅಂತ ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ ಪುಡಿ ಹಾಕುತ್ತೇವೆ. ನಮ್ಮ ಲೆಕ್ಕ ಒಂದು ಟನ್ನಿಗೆ ಅರ್ಧ ಕಿಲೋ. ಪ್ಯಾಕೆಟ್ ಮೇಲೆ ಐಎನ್‌ಎಸ್ 300 ಅಂತ (ಆಹಾರಕ್ಕೆ ಸೇರಿಸುವ ಪದಾರ್ಥಗಳ ನಂಬರು) ಇರುತ್ತದಲ್ಲ, ಅದೇ ಇದು.

"ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕ್ತೀವಲ್ಲ, ಹಂಗೇ ಅಲ್ವಾ ಸಾರ್?" ಅಂತ ಆಪರೇಟರ್ ಒಮ್ಮೆ ಕೇಳಿದ್ದ. ಹೆಚ್ಚುಕಮ್ಮಿ ಹಾಗೇ. ಆದರೆ ವಿಟಮಿನ್ ಸಿ ಕೆಲಸ ಮಾಡುತ್ತಾ ಮಾಡುತ್ತಾ ತಾನೇ ಖರ್ಚಾಗುತ್ತದೆ. ಹಣ್ಣಿನ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದು ಮಾಡಲು ಹೊರಡುತ್ತದೆ, ಇದು ಹಿಂದಕ್ಕೆ ಎಳೆಯುತ್ತದೆ. ಇದು ಮುಗಿದ ಮೇಲೆ ಎಳೆಯುವವರು ಯಾರೂ ಇಲ್ಲ.

ಒಂದು ಬೆಳಿಗ್ಗೆ ಬಾಯ್ಲರ್ ಕೈಕೊಟ್ಟಿತು. ತಿರುಳನ್ನು ಬಿಸಿ ಮಾಡಿ ಕಿಣ್ವ ಕೊಲ್ಲೋಣ ಅಂದರೆ ಹಬೆಯೇ ಇಲ್ಲ. ಪಂಪ್ ಹಾಕಿ ತಿರುಳನ್ನು ಅದೇ ಟ್ಯಾಂಕಿಗೆ ಸುತ್ತಿಸುತ್ತಾ ಕಾದೆವು. ಸ್ವಲ್ಪ ಹೊತ್ತಿಗೇ ಬಣ್ಣ ಮಂಕಾಯಿತು. ನಾನು ಯೋಚಿಸದೆ ಇನ್ನರ್ಧ ಕಿಲೋ ಪುಡಿ ಸುರಿಸಿದೆ. ಮಧ್ಯಾಹ್ನಕ್ಕೆ ಮತ್ತೆ ಅದೇ ಕಥೆ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಟೈಟ್ರೇಷನ್, ಅಂದರೆ ವಿಟಮಿನ್ ಸಿ ಎಷ್ಟು ಉಳಿದಿದೆ ಅಂತ ಹನಿ ಹನಿಯಾಗಿ ಅಳೆಯುವ ಪರೀಕ್ಷೆ. ಒಂದು ನೀಲಿ ಬಣ್ಣವಿದೆ. ತಿರುಳಿನ ರಸದಲ್ಲಿ ವಿಟಮಿನ್ ಸಿ ಇರುವಷ್ಟು ಹೊತ್ತು, ಅದಕ್ಕೆ ಬಿಟ್ಟ ಹನಿ ಹನಿಯೂ ಬಣ್ಣ ಕಳೆದುಕೊಳ್ಳುತ್ತದೆ. ಹುಳಿಯಲ್ಲಿ ಈ ನೀಲಿ ಗುಲಾಬಿಯಾಗುವುದರಿಂದ, ವಿಟಮಿನ್ ಮುಗಿದ ಕೂಡಲೇ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ನಿಲ್ಲುತ್ತದೆ. ಅವತ್ತು ಎರಡನೇ ಹನಿಗೇ ಗುಲಾಬಿ ನಿಂತುಬಿಟ್ಟಿತು. ಒಂದು ಕಿಲೋ ಪುಡಿ ಎಲ್ಲಿ ಹೋಯ್ತು?

ಪೈಪಿನ ಜಾಡು ಹಿಡಿದು ಹೊರಟೆ. ಟ್ಯಾಂಕಿಗೆ ವಾಪಸ್ ಬರುವ ಲೈನಿನಲ್ಲಿ ಒಂದು ಹೊಸ ವಾಲ್ವ್. ಹಳೆಯದು ಸೋರುತ್ತಿತ್ತು ಅಂತ ಮೇಂಟೆನೆನ್ಸ್‌ನವರು ಹಿಂದಿನ ವಾರ ಬದಲಾಯಿಸಿದ್ದರು. ಸ್ಟೀಲಿನ ಹಾಗೇ ಹೊಳೆಯುತ್ತಿತ್ತು. ಬೈಕಿನ ಕೀಲಿಯಿಂದ ಕೆರೆದೆ. ಒಳಗೆ ಹಳದಿ! ಹಿತ್ತಾಳೆಗೆ ಬರೀ ಹೊರಗಡೆ ಕ್ರೋಮ್ ಪಾಲಿಷ್. ಹಿತ್ತಾಳೆಯಲ್ಲಿ ತಾಮ್ರವಿದೆ, ಹುಳಿ ತಿರುಳು ಅದನ್ನು ಚೂರು ಚೂರೇ ಕರಗಿಸುತ್ತದೆ. ತಾಮ್ರ ಒಂದಿಷ್ಟು ಸೇರಿದರೂ ವಿಟಮಿನ್ ಸಿ ಬೇಗ ಹಾಳಾಗುತ್ತದೆ. ಮೇಲಿಂದ ದಬದಬ ಬೀಳುವ ತಿರುಳು ಗಾಳಿಯನ್ನೂ ಜೊತೆಗೆ ತರುತ್ತಿತ್ತು.

ಸ್ಟೀಲ್ ವಾಲ್ವ್ ಹಾಕಿಸಿದೆವು. ವಾಪಸ್ ಪೈಪನ್ನು ಟ್ಯಾಂಕಿನ ತಳದವರೆಗೆ ಇಳಿಸಿದೆವು. ಪುಡಿಯ ಲೆಕ್ಕ ಮತ್ತೆ ಅರ್ಧ ಕಿಲೋಗೇ ಬಂತು.

ಈಗಲೂ ಸೀಸನ್ ಶುರುವಾಗುವ ಮೊದಲು ಕೀಲಿ ಹಿಡಿದು ಲೈನ್ ಉದ್ದಕ್ಕೂ ಒಂದು ಸುತ್ತು ಬರುತ್ತೇನೆ. ಹೊಸ ವಾಲ್ವ್ ಕೆರೆದಾಗಲೆಲ್ಲ ಮೇಂಟೆನೆನ್ಸ್‌ನವರು ಮುಖ ಸಿಂಡರಿಸುತ್ತಾರೆ.