ಹೊಗೆ ಬೇಡ, ಎಲೆ ಬೇಕು

ಮಾರ್ಚ್ ಕೊನೆಯ ಭಾನುವಾರ ಗರಗಸ ಹಿಡಿದು ಹಿತ್ತಲಿಗೆ ಇಳಿದೆ. ಚೆನ್ನಾಗಿರುವ ಗಿಡವನ್ನು ಯಾಕೆ ಕಡಿಯುತ್ತೀಯ ಎಂದು ಗಂಡ ತಕರಾರು ತೆಗೆದರು. ಊರಿನಿಂದ ಬಂದಿದ್ದ ಅಪ್ಪ ಮಾತ್ರ ಕುರ್ಚಿ ತಂದು ಹತ್ತಿರದಲ್ಲೇ ಹಾಕಿಕೊಂಡು ಕುಳಿತರು.

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಹಿಂದೆ ‘ರಾಯಲ್ ಪರ್ಪಲ್’ ತಳಿಯ ಸ್ಮೋಕ್ ಬುಷ್ ಇದೆ. ಬೇಸಿಗೆಯುದ್ದಕ್ಕೂ ಕಡುನೇರಳೆ ಎಲೆ, ಅಕ್ಟೋಬರಿಗೆ ಕೆಂಪು, ಆಮೇಲೆ ಬರಿಯ ಕಡ್ಡಿ. ಅದರ ಪಾಡಿಗೆ ಬಿಟ್ಟರೆ ಹೂ ಕಳೆದ ಮೇಲೆ ತೊಟ್ಟುಗಳಲ್ಲಿ ನವಿರು ರೋಮ ಬೆಳೆದು, ಗಿಡದ ತುಂಬ ನಸುಗೆಂಪು ಹೊಗೆ ಕವಿದ ಹಾಗೆ ಕಾಣುತ್ತದೆ. ಜನ ಮೆಚ್ಚುವುದು ಅದನ್ನೇ. ಆದರೆ ಹೂ ಬಿಡುವುದು ಹಳೆಯ ಕೊಂಬೆಗಳಲ್ಲಿ. ಬುಡಕ್ಕೆ ಸವರಿದರೆ ಆ ವರ್ಷ ಹೊಗೆಯಿಲ್ಲ. ಬದಲಿಗೆ ಹೊಸ ಕೋಲುಗಳು ಎದೆಯೆತ್ತರ ಎದ್ದು ಅಗಲವಾದ ಎಲೆ ಬಿಡುತ್ತವೆ. ನನಗೆ ಬೇಕಾಗಿದ್ದದ್ದು ಎಲೆ.

ಅಪ್ಪ ಶ್ರೀನಿವಾಸಪುರದ ಕಡೆಯವರು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದವರು. ಒಳ್ಳೆಯ ಸೊಪ್ಪು ಬೇಕೆಂದರೆ ಗಿಡವನ್ನು ಬುಡಕ್ಕೆ ಕಟಾವು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಇನ್ನೂ ಕೆಳಗೆ ಹಿಡಿಯಮ್ಮ. ಎರಡು ಕಣ್ಣು ಉಳಿದರೆ ಸಾಕು. ಓರೆಯಾಗಿ ಕೊಯ್ಯಿ, ನೀರು ನಿಲ್ಲಬಾರದು” ಎಂದು ಕುಳಿತಲ್ಲಿಂದಲೇ ಹೇಳುತ್ತಿದ್ದರು.

ಕೊಯ್ದ ಕೊಂಬೆಯ ತಿರುಳು ಅರಿಸಿನ ಬಣ್ಣದ್ದು. ಇದರ ಕಟ್ಟಿಗೆಯಿಂದ ಹಿಂದೆ ಯುರೋಪಿನಲ್ಲಿ ಹಳದಿ ಬಣ್ಣ ತೆಗೆಯುತ್ತಿದ್ದರಂತೆ. ಅಂಚಿನಲ್ಲಿ ಅಂಟು ಜಿನುಗುತ್ತಿತ್ತು. ಅಪ್ಪ ತುಂಡೊಂದನ್ನು ಮೂಗಿಗೆ ಹಿಡಿದು, “ಮಾವಿನ ಸೊನೆಯಲ್ಲವೇ ಇದು?” ಎಂದರು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಮಾವು, ಗೇರು, ಸ್ಮೋಕ್ ಬುಷ್ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಇದರ ಸೊನೆ ತಾಗಿದರೂ ಕೆಲವರಿಗೆ ಮೈ ತುರಿಸುತ್ತದೆ, ಅದಕ್ಕೇ ನಾನು ಕೈಗವಸು ಹಾಕಿಕೊಂಡಿದ್ದೆ. ಅಪ್ಪ ಬರಿಗೈಯಲ್ಲೇ ಕಡ್ಡಿಗಳನ್ನು ಒಟ್ಟುಮಾಡಿದರು. ಏನೂ ಆಗಲಿಲ್ಲ.

ಜಗಳವಾದದ್ದು ಗೊಬ್ಬರದ ವಿಷಯದಲ್ಲಿ. ಕಟಾವಿನ ಬೆನ್ನಿಗೇ ಗೊಬ್ಬರ ಕೊಡದವನು ರೈತನೇ ಅಲ್ಲ ಎಂಬುದು ಅವರ ನಿಲುವು. ಮಣ್ಣು ತೀರ ಫಲವತ್ತಾದರೆ ಈ ಗಿಡಕ್ಕೆ ಶರತ್ಕಾಲದ ಕೆಂಪು ಸರಿಯಾಗಿ ಏರುವುದಿಲ್ಲ ಎಂದು ನಾನು ಪಟ್ಟು ಹಿಡಿದೆ. ಬಿಸಿಲೊಂದು ಧಾರಾಳವಾಗಿರಬೇಕು, ನೆರಳಿನಲ್ಲಿ ನೇರಳೆ ಹೋಗಿ ಹಸಿರಾಗುತ್ತದೆ, ಗೊಬ್ಬರ ಬೇಡ. ಕೊನೆಗೆ ಬುಡಕ್ಕೆ ಕೊಳೆತ ತರಗೆಲೆಯ ತೆಳುವಾದ ಹೊದಿಕೆ ಹಾಕುವುದೆಂದು ರಾಜಿಯಾಯಿತು.

ಅಪ್ಪ ಊರಿಗೆ ಹೊರಡುವಾಗಲೂ ಗಿಡ ಮೋಟಾಗಿಯೇ ಇತ್ತು, ಇದು ಚಿಗುರುವುದು ತಡವಾಗಿಯೇ. ಜುಲೈನಲ್ಲಿ ಎಲೆಯ ಪಕ್ಕ ನನ್ನ ಅಂಗೈಯಿಟ್ಟು ಫೋಟೊ ತೆಗೆದು ಕಳುಹಿಸಿದೆ. ಒಡನೆಯೇ ಉತ್ತರ ಬಂತು: “ಸೊಪ್ಪು ಪರವಾಗಿಲ್ಲ. ಗೊಬ್ಬರ ಹಾಕಿದ್ದರೆ ಇನ್ನೂ ಅಗಲ ಬರುತ್ತಿತ್ತು.”