ಅರ್ಧ ಚೊಂಬು

ಶ್ರಾವಣ ಬಂದರೂ ಮಳೆ ಬಿಟ್ಟಿರಲಿಲ್ಲ. ಸಾಗರದ ಹತ್ತಿರದ ಅಮ್ಮನ ಮನೆಯಲ್ಲಿ ಎರಡು ದಿನದಿಂದ ಕರೆಂಟ್ ಇಲ್ಲ, ಫೋನ್ ಸತ್ತಿದೆ. ಬ್ಯಾಗಿನಲ್ಲಿ ಜಲವರ್ಣದ ಡಬ್ಬಿ ಇತ್ತು.

ಅಂಗಳದ ಡೇರೆ ಹೂಗಳು ಮಳೆಯ ಭಾರಕ್ಕೆ ತಲೆ ಬಗ್ಗಿಸಿದ್ದವು. ಅಮ್ಮನಿಗೆ ಡೇರೆ ಹುಚ್ಚು. ಯಾರ ಮನೆಗೆ ಹೋದರೂ ಬರುವಾಗ ಕೈಯಲ್ಲೊಂದು ಗೆಡ್ಡೆ. ಇದು ಮೆಕ್ಸಿಕೋ ಕಡೆಯ ಹೂವು ಅಂದರೆ, "ಸುಮ್ನಿರೇ, ಇದು ಶಿರಸಿ ಅತ್ತೆ ಮನೆಯದು" ಅನ್ನುತ್ತಾಳೆ.

ನಾಲ್ಕು ಹೂ ಕೊಯ್ದು ತಾಮ್ರದ ಚೊಂಬಿನಲ್ಲಿಟ್ಟೆ. ಎಸಳು ಎಣಿಸಿ ಬರೆಯುವ ತಾಳ್ಮೆ ನನಗಿಲ್ಲ. 300 ಜಿಎಸ್‌ಎಂ ದಪ್ಪ ಕಾಗದವನ್ನು ಪೂರ್ತಿ ಒದ್ದೆ ಮಾಡಿ ಗುಲಾಬಿ ಬಣ್ಣ ಬಿಟ್ಟೆ. ಅದು ತಾನೇ ಹರಡಿ ಹೂವಾಯಿತು. ಬೆಂಗಳೂರಿನಲ್ಲಿ ಫ್ಯಾನ್ ಕೆಳಗೆ ಬೇಗ ಒಣಗುವ ಕಾಗದ ಇಲ್ಲಿ ಗಂಟೆಯಾದರೂ ತಣ್ಣಗೇ ಇತ್ತು. ಒಣಗಿತೆಂದುಕೊಂಡು ಎಲೆಗೆ ಹಸಿರು ಹಚ್ಚಿದೆ. ಕುಂಚದಲ್ಲಿ ನೀರು ಜಾಸ್ತಿಯಾಗಿತ್ತು. ಅರೆಹಸಿಯಾಗಿದ್ದ ಗುಲಾಬಿಯನ್ನು ಆ ನೀರು ಅಂಚಿಗೆ ತಳ್ಳಿ, ಹೂಕೋಸಿನ ಹಾಗೆ ಒಂದು ಕಲೆ ಎಬ್ಬಿಸಿತು. ಒರೆಸಲು ಹೋದರೆ ಇನ್ನೂ ಕೆಡುತ್ತದೆ. ಬಿಟ್ಟೆ.

ಆಮೇಲೆ ಚೊಂಬು. ಬಿಳಿ ಬಣ್ಣ ನಾನು ಮುಟ್ಟುವುದಿಲ್ಲ. ಹೊಳಪು ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. ಕಂದು ಬಣ್ಣಕ್ಕೆ ಚೂರು ನೀಲಿ ಸೇರಿಸಿ ಕುತ್ತಿಗೆ ಮುಗಿಸಿದ್ದೆ, ಅಷ್ಟರಲ್ಲಿ ಅಮ್ಮ ಬಂದಳು.

"ಚೊಂಬು ಕೊಡೇ, ಅಪ್ಪ ಸ್ನಾನಕ್ಕೆ ಹೊರಟಿದಾರೆ."

"ಹತ್ತು ನಿಮಿಷ ತಡಿಯಮ್ಮಾ."

"ನೀರು ಕಾದಿದೆ."

ಹೂಗಳು ಸ್ಟೀಲ್ ಲೋಟಕ್ಕೆ ಹೋದವು. ಚೊಂಬಿನ ಹೊಟ್ಟೆ ಕಾಗದದ ಮೇಲೆ ಹಾಗೇ ಖಾಲಿ ಉಳಿಯಿತು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ, ಅಪ್ಪನ ಪಂಚೆಯ ಪಕ್ಕ ಚಿತ್ರ ಒಣಗಲು ಹಾಕಿದೆ. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಬೂದಿಯ ಚುಕ್ಕೆಗಳು, ಹೊಗೆಯ ವಾಸನೆ ಬೇರೆ.

ಬೆಂಗಳೂರಿನಲ್ಲಿ ಚಿತ್ರ ಕಲಿಯುವ ಗೆಳತಿಯೊಬ್ಬಳು ನೋಡಿ, "ಚೊಂಬನ್ನ ಬೆಳಕಲ್ಲಿ ಕರಗಿಸಿಬಿಟ್ಟಿದೀಯಲ್ಲ, ಎಂಥ ಧೈರ್ಯ!" ಅಂದಳು. ನಾನು ತಲೆ ಆಡಿಸಿದೆ. ಹೊಗಳಿಕೆ ಯಾರಿಗೆ ಬೇಡ, ಅಲ್ವಾ?

ದೀಪಾವಳಿಗೆ ಬಂದ ಅಮ್ಮ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಹೂಕೋಸು ಕಲೆಯನ್ನೇ ತೋರಿಸಿ, "ಇದೇ ಶಿರಸಿದು, ಮಳೆ ಬಿದ್ದಾಗ ಹೀಗೇ ಆಗತ್ತೆ" ಅಂದಳು. ಆಮೇಲೆ ಕೆಳಗೆ ಕಣ್ಣು ಹಾಯಿಸಿ, "ಮುಂದಿನ ಸಲ ಸ್ಟೀಲಿಂದು ಇಟ್ಕೋ. ಅದನ್ನ ಯಾರೂ ಕೇಳಲ್ಲ."