ಹತ್ತು ಸೆಕೆಂಡಿನ ಬಿಳಿ ಚೌಕ

"ಅದು ತನ್ನಷ್ಟಕ್ಕೆ ತಾನು ಬದಲಾದಾಗ ನಿಂಗೆ ಹೇಳ್ತೈತೇನವ್ವಾ?"

"ಹೇಳುತ್ತೆ ಅಪ್ಪಾಜಿ. ಆದ್ರೆ ನಾನು ನೋಡ್ತಿರಬೇಕು."

ಭಾನುವಾರ ಸಂಜೆ ನಮ್ಮಣ್ಣ ಮತ್ತು ಅವನ ಮಗಳ ನಡುವೆ ನಡೆದ ಮಾತು ಇದು. ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ಅವಳು ಏರ್‌ಬಸ್ ಎ320 ವಿಮಾನದ ಕೋ-ಪೈಲಟ್. ಎರಡು ದಿನ ರಜೆ ಸಿಕ್ಕಿತು ಅಂತ ದಾವಣಗೆರೆಗೆ ಬಂದಿದ್ದಳು. ಮಂಡಕ್ಕಿ, ಮೆಣಸಿನಕಾಯಿ ತರಿಸಿಕೊಂಡು ಎಲ್ಲರೂ ಕೂತಿದ್ದೆವು. ನನ್ನ ಮೈದುನ ಶುರು ಮಾಡಿದ. "ಎಲ್ಲಾ ಆಟೋಪೈಲಟ್ಟೇ ಓಡಿಸುತ್ತೆ, ನೀವು ಸುಮ್ನೆ ಕೂತಿರ್ತೀರಿ, ಅಲ್ವಾ?" ಅವನು ಯಾವಾಗಲೂ ಹೀಗೇ. ಯಾರ ಕೆಲಸವಾದರೂ ಒಂದೇ ಮಾತಲ್ಲಿ ಹಗುರ ಮಾಡಿಬಿಡುತ್ತಾನೆ. ನಾನು ಐಸಿಯು ನರ್ಸ್. "ಮಾನಿಟರ್ ನೋಡ್ಕೊಂಡು ಕೂರೋದು ತಾನೇ" ಅಂತ ನನಗೂ ಅಂದಿದ್ದಾನೆ. ನನಗೆ ಸಿಟ್ಟು ಬಂತು. ಹುಡುಗಿಗೆ ಬರಲಿಲ್ಲ. ಹಿಂದಿನ ವಾರ ಆದದ್ದನ್ನು ಹೇಳಿದಳು.

ವಿಮಾನ ಇಳಿಯಲು ಶುರು ಮಾಡಿತ್ತಂತೆ. ದಾರಿ, ಇಳಿಜಾರು ಎರಡೂ ಕಂಪ್ಯೂಟರಿನ ಲೆಕ್ಕ. ಕೆಳಗಿನಿಂದ ಕಂಟ್ರೋಲರ್ ಬೇರೆ ದಿಕ್ಕು ಕೊಟ್ಟರು. ಕ್ಯಾಪ್ಟನ್ ಹೆಡಿಂಗ್ ನಾಬ್ ಎಳೆದರು. ಎ320ಯಲ್ಲಿ ಆಗ ದಿಕ್ಕು ಮಾತ್ರ ಬದಲಾಗುವುದಿಲ್ಲ, ಇಳಿಯುವ ಮೋಡ್, ಅಂದರೆ ಇಳಿಯುವ ರೀತಿ, ಕೂಡ ಬದಲಾಗುತ್ತದೆ. ಲೆಕ್ಕ ಹಾಕಿದ ಇಳಿಜಾರು ಬಿಟ್ಟು, ಆ ಹೊತ್ತಿಗೆ ನಿಮಿಷಕ್ಕೆ ಎಷ್ಟು ಅಡಿ ಇಳಿಯುತ್ತಿತ್ತೋ ಅಷ್ಟನ್ನೇ ಹಿಡಿದುಕೊಂಡು ಹೋಗುತ್ತದೆ. ಏನೂ ಕೆಟ್ಟಿರುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ. ಪರದೆಯ ಮೇಲಿನ ಸಾಲಿನಲ್ಲಿ ಹೊಸ ಮೋಡ್‌ನ ಹೆಸರು ಬರುತ್ತದೆ. ಅದರ ಸುತ್ತ 10 ಸೆಕೆಂಡ್ ಒಂದು ಬಿಳಿ ಚೌಕ ಇರುತ್ತದೆ. ಆಮೇಲೆ ಚೌಕ ಹೋಗಿ ಹೆಸರಷ್ಟೇ ಉಳಿಯುತ್ತದೆ.

ಆ 10 ಸೆಕೆಂಡ್ ಇವಳು ರೇಡಿಯೊದಲ್ಲಿ ಮಾತಾಡುತ್ತಿದ್ದಳು. ಕ್ಯಾಪ್ಟನ್ ಕಣ್ಣು ಬೇರೆ ಕಡೆ ಇತ್ತು. ವಿಮಾನ ಇರಬೇಕಾದ್ದಕ್ಕಿಂತ ಮೇಲೆ ಉಳಿದುಬಿಟ್ಟಿದೆ ಅಂತ ಗೊತ್ತಾಗಲು ಒಂದು ನಿಮಿಷ ಹಿಡಿಯಿತು. ಸರಿ ಮಾಡಿಕೊಂಡರು, ಇಳಿದರು. ಪ್ರಯಾಣಿಕರಿಗೆ ಏನೂ ಗೊತ್ತಾಗಲಿಲ್ಲ. ಇವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಣ್ಣ 31 ವರ್ಷ ಲಾರಿ ಓಡಿಸಿದವನು. ದಾವಣಗೆರೆಯಿಂದ ಮುಂಬೈಗೆ ಎಷ್ಟು ಸಲ ಹೋಗಿ ಬಂದಿದ್ದಾನೋ ಲೆಕ್ಕವಿಲ್ಲ. ಕೂತವರಲ್ಲಿ ಅವಳ ಮಾತು ಸರಿಯಾಗಿ ಅರ್ಥವಾಗಿದ್ದು ಅವನಿಗೇ. "ನಮ್ಮ ಗಾಡೀಲಿ ಏನೇ ಬದಲಾದ್ರೂ ಕೈಗೆ ಗೊತ್ತಾಗ್ತಿತ್ತು" ಅಂದ. ಅದಕ್ಕೆ ಅವಳು, ಎ320ಯಲ್ಲಿ ಎಂಜಿನ್ ಶಕ್ತಿ ತಾನಾಗಿ ಏರಿಳಿದರೂ ಪೈಲಟ್ ಕೈಯಲ್ಲಿರುವ ಲಿವರ್ ಅಲುಗುವುದಿಲ್ಲ ಅಂದಳು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೇ ಆ ಪ್ರಶ್ನೆ ಕೇಳಿದ್ದು.

1990ರ ಫೆಬ್ರವರಿ 14 ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ಹೋದರು. ಅದು ಓಪನ್ ಡಿಸೆಂಟ್ ಅನ್ನುವ ಮೋಡ್‌ನಲ್ಲಿತ್ತು, ಆ ಮೋಡ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ, ಅಂದರೆ ಅತಿ ಕಡಿಮೆ ಶಕ್ತಿಯಲ್ಲೇ, ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಈಗ, ಇವಳಿಂದ. ವೇಗ ಕಡಿಮೆಯಾಗುತ್ತಾ ಹೋಯಿತು. ಪೈಲಟ್‌ಗಳು ಲಿವರ್ ತಳ್ಳುವ ಹೊತ್ತಿಗೆ ತಡವಾಗಿತ್ತು.

"ಲಿವರ್ ಅಲುಗಿದ್ರೆ ಗೊತ್ತಾಗ್ತಿತ್ತೇನೋ" ಅಂದೆ. ಅದೂ ಹಾಗಲ್ಲವಂತೆ. 2009ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಟರ್ಕಿಷ್ ಏರ್‌ಲೈನ್ಸ್‌ನ ಬೋಯಿಂಗ್ 737 ಇಳಿಯಲು ಬರುತ್ತಿತ್ತು. ಎತ್ತರ ಅಳೆಯುವ ಒಂದು ರೇಡಿಯೊ ಉಪಕರಣ ಕೆಟ್ಟು ಮೈನಸ್ 8 ಅಡಿ ಅಂತ ತೋರಿಸಿತು. ವಿಮಾನ ಇನ್ನೂ ಸುಮಾರು 2000 ಅಡಿ ಮೇಲಿತ್ತು. ಎಂಜಿನ್ ಶಕ್ತಿಯನ್ನು ತಾನಾಗಿ ಏರಿಳಿಸುವ ಆಟೋಥ್ರಾಟಲ್, ನೆಲ ಬಂತು ಅಂದುಕೊಂಡು ಅದನ್ನು ಐಡಲ್‌ಗೆ ಇಳಿಸಿಬಿಟ್ಟಿತು. ಬೋಯಿಂಗ್‌ನಲ್ಲಿ ಲಿವರ್ ಅಲುಗುತ್ತದೆ, ಪರದೆಯ ಮೇಲೂ ಬಂದಿತ್ತು. ಆದರೂ ತಡವಾಗಿ ಕಂಡಿತು. 9 ಜನ ಸತ್ತರು.

ಇನ್ನೊಂದು ಕಥೆ ನನ್ನನ್ನು ಹೆಚ್ಚು ಹೆದರಿಸಿತು. 2008ರ ಅಕ್ಟೋಬರ್‌ನಲ್ಲಿ ಸಿಂಗಪುರದಿಂದ ಪರ್ತ್‌ಗೆ ಹೊರಟ ಕ್ವಾಂಟಸ್ ವಿಮಾನದಲ್ಲಿ ಒಂದು ಕಂಪ್ಯೂಟರ್ ತಪ್ಪು ಅಂಕಿ ಕಳಿಸಲು ಶುರು ಮಾಡಿತು. ಆಟೋಪೈಲಟ್ ಆಗಲೇ ಆಫ್ ಆಗಿತ್ತು. ಆದರೂ ವಿಮಾನ ಎರಡು ಸಲ ತಾನಾಗಿ ಮೂಗು ಕೆಳಗೆ ಹಾಕಿತು. ಬೆಲ್ಟ್ ಹಾಕಿಕೊಳ್ಳದವರು ಹಾರಿ ಚಾವಣಿಗೆ ಬಡಿದರು. ನೂರಕ್ಕೂ ಜಾಸ್ತಿ ಜನರಿಗೆ ಪೆಟ್ಟಾಯಿತು. ವೇಗ ಅತಿ ಕಡಿಮೆ ಅಂತಲೂ ಎಚ್ಚರಿಕೆ, ಅತಿ ಹೆಚ್ಚು ಅಂತಲೂ ಎಚ್ಚರಿಕೆ, ಎರಡೂ ಒಟ್ಟಿಗೆ! ಅಂದರೆ ನೋಡುತ್ತಿದ್ದರೂ ಕಾಣುವುದು ನಿಜವಾಗಿರಬೇಕಲ್ಲ. ಕ್ಯಾಪ್ಟನ್ ಆ ವಿಮಾನವನ್ನು ಲಿಯರ್‌ಮಂತ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಸುಮ್ನೆ ಕೂತವರು ಮಾಡುವ ಕೆಲಸವಾ ಇದು?

ಸೋಮವಾರ ಹುಡುಗಿ ಹೊರಟಳು. ಮಂಗಳವಾರ ನನಗೆ ನೈಟ್ ಡ್ಯೂಟಿ.

ಮೂರು ಗಂಟೆ ಹೊತ್ತಿಗೆ ಒಂದು ಬೆಡ್‌ನ ಔಷಧಿ ಪಂಪ್‌ನಿಂದ ಅಲಾರಂ ಬಂತು. ನಮ್ಮಲ್ಲಿ ಅಲಾರಂ ನಿಂತ ಗಳಿಗೆಯೇ ಇರುವುದಿಲ್ಲ. ಪಕ್ಕದ ಬೆಡ್‌ನವರಿಗೆ ಕಫ ತೆಗೆಯುತ್ತಿದ್ದೆ. ಕೈ ಚಾಚಿ ಸೈಲೆಂಟ್ ಒತ್ತಿದೆ. ಆ ಪಂಪ್‌ನಲ್ಲಿ ಹೋಗುತ್ತಿದ್ದುದು ಬಿಪಿ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್. ಕೊಟ್ಟ ಲೆಕ್ಕದಷ್ಟು ಹೋಗಿ ಮುಗಿದರೆ ಪಂಪ್ ತಾನಾಗಿ ಕೆವಿಒ ಮೋಡ್‌ಗೆ ಹೋಗುತ್ತದೆ. ರಕ್ತನಾಳ ಮುಚ್ಚಿಹೋಗದಿರಲಿ ಅಂತ ಹನಿ ಹನಿ ಮಾತ್ರ ಬಿಡುತ್ತದೆ. ಏನೂ ಕೆಟ್ಟಿರುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ. ಪರದೆಯಲ್ಲಿ ಕೆವಿಒ ಅಂತ ಬರೆದಿತ್ತು.

"ಹೇಳುತ್ತೆ ಅಪ್ಪಾಜಿ. ಆದ್ರೆ ನಾನು ನೋಡ್ತಿರಬೇಕು."

ಈ ಮಾತು ನೆನಪಾಗಿಯೇ ನಾನು ತಿರುಗಿ ನೋಡಿದೆ ಅಂತ ಹೇಳಲು ಆಸೆ. ಆದರೆ ನಿಜ ಅದಲ್ಲ. ಮಾನಿಟರ್‌ನಲ್ಲಿ ಬಿಪಿ ಇಳಿದಾಗ ನೋಡಿದೆ. ಹೊಸ ಸಿರಿಂಜ್ ಹಾಕಿ, ಡಾಕ್ಟರನ್ನು ಕರೆದು, ಬಿಪಿ ಮತ್ತೆ ಏರುವವರೆಗೆ ಆ ಬೆಡ್ ಬಿಟ್ಟು ಅಲುಗಲಿಲ್ಲ. ಮಾತು ನೆನಪಾದದ್ದು ಆಮೇಲೆ, ಕೈ ನಡುಗಲು ಶುರುವಾದಾಗ. ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ ಎಲ್ಲಾ ಹೇಳಿದೆ, ಬರೆದೂ ಇಟ್ಟೆ. ಬರೆಯಬಾರದಿತ್ತು ಅಂದವರೂ ಇದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ಹುಡುಗಿ ತನ್ನ ಒಂದು ನಿಮಿಷವನ್ನು ಮನೆಯವರೆಲ್ಲರ ಮುಂದೆ, ನನ್ನ ಮೈದುನನ ಮುಂದೆ ಕೂಡ, ಹೇಳಿದಳಲ್ಲ.

ಮನೆಗೆ ಹೋಗುವ ಮೊದಲು ಅಣ್ಣನ ಮನೆಗೆ ಹೋದೆ. ಜಗಲಿ ಮೇಲೆ ಪೇಪರ್ ಹಿಡಿದು ಕೂತಿದ್ದ. ಎಲ್ಲಾ ಹೇಳಿದೆ. ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಆ ಪೇಷೆಂಟ್ ಈಗ ಹೆಂಗಿದಾರೆ?" ಅಂದ.

"ಬಿಪಿ ಈಗ ಸರಿಯಾಗಿದೆ ಅಣ್ಣ. ನಾನು ಬರುವಾಗ ಕಣ್ಣು ಬಿಟ್ಟಿದ್ರು."

"ಹೂಂ" ಅಂದು ಒಳಗೆ ಹೋಗಿ, ನನಗೆ ಒಂದು ಲೋಟ ಟೀ ಅವನೇ ತಂದುಕೊಟ್ಟ.